ಪೊರ್ಬುಗಳ ಡಾಗ್‌ವುಡ್

ನಮ್ಮ ಪಕ್ಕದ ಮನೆಯ ಪೊರ್ಬುಗಳಿಗೆ ಸಮಯಪಾಲನೆ ಎಂಬುದು ಇರಲಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಮೊದಲು ಗುಣ ಹೇಳಿ, ದೋಷವನ್ನು ಆಮೇಲೆ ಮೆಲ್ಲಗೆ ಹೇಳುವುದು ಪದ್ಧತಿ. ಅವರಿದ್ದಿದ್ದರೆ, "ದೋಷವನ್ನೇ ಮೊದಲು ಬರೀರಿ ಮಾರಾಯ್ರೆ, ಗುಣಕ್ಕೆ ಜಾಗ ಉಳಿದ್ರೆ ಆಮೇಲೆ ನೋಡುವ" ಎನ್ನುತ್ತಿದ್ದರು. ಆದ್ದರಿಂದ ಅದನ್ನು ಮೊದಲೇ ಬರೆದಿದ್ದೇನೆ.

ನಮ್ಮ ಕರಾವಳಿಯಲ್ಲಿ ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬುಗಳು ಎನ್ನುವ ರೂಢಿ. ನಾನು ಅವರನ್ನು ಕೊನೆಯವರೆಗೂ ಹಾಗೆಯೇ ಕರೆದೆ. ಅವರು ನನ್ನನ್ನು ಸುಬೇದಾರ್ರೆ ಎಂದು ಕರೆಯುತ್ತಿದ್ದರು. ಸೈನ್ಯದಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದ ಹವಾಲ್ದಾರ. ಸುಬೇದಾರ ಆಗುವ ಮೊದಲೇ ನಿವೃತ್ತನಾಗಿ, ಕೆಲಸಕ್ಕೆಂದು ಇಲ್ಲಿ ಗಲ್ಫಿಗೆ ಬಂದೆ. ಇದನ್ನು ಎಷ್ಟು ಸಲ ತಿದ್ದಿದರೂ, "ಸರ್ಕಾರ ಕೊಡದಿದ್ರೆ ನಾನು ಕೊಟ್ಟೆ, ಇಟ್ಕೊಳ್ಳಿ" ಎಂದು ನಗುತ್ತಿದ್ದರು.

ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ಒಂದು ಹಳೆಯ ವಿಲ್ಲಾವನ್ನು ಗೋಡೆಯೆತ್ತಿ ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಒಂದು ಭಾಗದಲ್ಲಿ ನಾನು ಒಬ್ಬನೇ. ಇನ್ನೊಂದರಲ್ಲಿ ಅವರು ಮತ್ತು ಅವರ ಹೆಂಡತಿ. ಮಕ್ಕಳಿಲ್ಲ. ನಡುವೆ ಸಿಮೆಂಟಿನ ಅಂಗಳ, ಗೇಟಿನ ಪಕ್ಕ ಒಂದು ಬೇವಿನ ಮರ, ಹಿಂದುಗಡೆ ತಗಡಿನ ಸೂರಿನ ಒಂದು ಸಾಮಾನು ಕೋಣೆ. ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ, ಶೂ ಒರೆಸಿ, ಚಹಾ ಕುಡಿದು, ಲೋಟ ತೊಳೆದು ಇಟ್ಟ ಮೇಲೆ ಅವರ ಬಾಗಿಲು ತೆರೆಯುತ್ತಿತ್ತು. ಅರ್ಧ ಮುಖಕ್ಕೆ ಶೇವಿಂಗ್ ಸೋಪು, ಕೈಯಲ್ಲಿ ಬ್ರೆಡ್ಡು. ಆಫೀಸಿನ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿರುತ್ತಿತ್ತು.

"ಸುಬೇದಾರ್ರೆ, ಇವತ್ತು ಸೂರ್ಯ ನಿಮ್ಮ ಪರ್ಮಿಶನ್ ತಗೊಂಡೇ ಹುಟ್ಟಿದ್ದಲ್ಲ?"

"ನಿಮ್ಮ ಬಸ್ಸು ಹೋಗ್ತದೆ ಪೊರ್ಬುಗಳೇ."

"ಹೋಗ್ಲಿ. ಅದಕ್ಕೂ ಒಂದು ಆಸೆ ಇರ್ತದೆ."

ಉದ್ಯಾನಗಳ ನಕ್ಷೆ ಬರೆಯುವ ಒಂದು ಕಂಪನಿಯಲ್ಲಿ ಅವರು ಡ್ರಾಫ್ಟ್ಸ್‌ಮನ್. ಆಫೀಸು ಲುಸೈಲ್‌ನಲ್ಲಿ. ನಕ್ಷೆಯಲ್ಲಿ ಮರವೆಂದರೆ ಒಂದು ವೃತ್ತ, ನಡುವೆ ಒಂದು ಚುಕ್ಕೆ. ವರ್ಷಗಟ್ಟಲೆ ವೃತ್ತ ಹಾಕಿ ಹಾಕಿ, ಮಾತಾಡುವಾಗಲೂ ಅವರ ತೋರುಬೆರಳು ಗಾಳಿಯಲ್ಲಿ ವೃತ್ತ ಬರೆಯುತ್ತಿತ್ತು. ಮೀನಿನ ರುಚಿ ಹೇಳುವಾಗ ಒಂದು ವೃತ್ತ, ಮ್ಯಾನೇಜರನ್ನು ಬೈಯುವಾಗ ಸ್ವಲ್ಪ ದೊಡ್ಡ ವೃತ್ತ. ಒಮ್ಮೆ ಇಬ್ಬರೂ ಒಂದು ರಸ್ತೆಯಲ್ಲಿ ಹೋಗುತ್ತಿದ್ದಾಗ ಬದಿಯಲ್ಲಿ ಒಣಗಿ ನಿಂತ ಸಸಿಗಳ ಸಾಲು ತೋರಿಸಿ, "ಇದೆಲ್ಲ ನಂದೇ" ಎಂದರು.

"ಸತ್ತಿದೆಯಲ್ಲ?"

"ಪ್ಲಾನ್‌ನಲ್ಲಿ ಯಾವ ಮರವೂ ಸಾಯುದಿಲ್ಲ ಸುಬೇದಾರ್ರೆ. ಬೇಕಿದ್ರೆ ಪ್ರಿಂಟ್ ತೆಗೆದು ತೋರಿಸ್ತೇನೆ."

ಇದು ಅವರ ಮಾತಿನ ಧಾಟಿ. ಅವರು ದುಃಖದಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ದುಃಖ ಇರಲಿಲ್ಲವೆಂದಲ್ಲ.

ಅವರ ಹೆಂಡತಿ ನರ್ಸ್ ಆಗಿದ್ದವರು. ಅಂಗಳದಲ್ಲಿ ಎಲ್ಲರಿಗೂ ಸಿಸ್ಟರ್. ಆಕೆ ನನ್ನಂಥವರು. ಇಸ್ತ್ರಿ ಹಾಕಿದ ಬಟ್ಟೆ, ಸಾಲಾಗಿ ಇಟ್ಟ ಡಬ್ಬಗಳು, ಹೊತ್ತಿಗೆ ಸರಿಯಾಗಿ ಊಟ. ಗಂಡನ ಶೂಗಳನ್ನು ನೇರವಾಗಿ ಇಡುತ್ತಾ, "ಅಣ್ಣ, ಇವರನ್ನು ಒಂದು ತಿಂಗಳು ನಿಮ್ಮ ಮಿಲಿಟರಿಗೆ ಕಳಿಸ್ಬೇಕಿತ್ತು" ಎಂದು ನನಗೆ ದೂರು ಹೇಳುತ್ತಿದ್ದರು. ಹಿಂದೆ ಒಂದು ಸಲ, ಚಿಕಿತ್ಸೆಗೆಂದು ವಿದೇಶಕ್ಕೆ ಹೊರಟ ಇಲ್ಲಿಯ ಒಬ್ಬ ಮುದುಕಿಯ ಆರೈಕೆಗೆ ಆಕೆಯನ್ನು ಕಳಿಸಿದ್ದರು. ಹೋಗುವಾಗ ಅಲ್ಲಿ ಕಡು ಚಳಿ. ಆಸ್ಪತ್ರೆಯ ಕಿಟಕಿಯ ಹೊರಗೆ ಎಲೆಯಿಲ್ಲದ ಒಂದು ಗಿಡ್ಡ ಮರ. ಸತ್ತ ಮರವನ್ನು ಯಾಕೆ ಕಡಿದಿಲ್ಲ ಎಂದು ಆಕೆ ಅಲ್ಲಿಯವರನ್ನು ಕೇಳಿದರಂತೆ. ಅವರು ನಕ್ಕರಂತೆ. ಮುದುಕಿ ಚೇತರಿಸಿಕೊಂಡು ಹೊರಡುವ ಹೊತ್ತಿಗೆ, ಒಂದು ಎಲೆಯೂ ಬರುವ ಮೊದಲೇ, ಆ ಮರದ ತುಂಬ ಬಿಳಿ ಹೂವು. ನಾಲ್ಕೇ ದಳ, ಶಿಲುಬೆಯ ಹಾಗೆ, ಪ್ರತಿ ದಳದ ತುದಿಯಲ್ಲಿ ಉಗುರಿನಿಂದ ಚಿವುಟಿದಂಥ ಕಂದು ಗುರುತು. ಹೆಸರು ಡಾಗ್‌ವುಡ್. ಯಾರದೋ ಕೋಟು ತೊಟ್ಟು ಆ ಮರದ ಕೆಳಗೆ ನಿಂತ ಆಕೆಯ ಫೋಟೋ ಅವರ ಫ್ರಿಜ್ಜಿನ ಬಾಗಿಲ ಮೇಲಿತ್ತು.

ನಿವೃತ್ತಿಯ ಮೊದಲೇ ಆಕೆಯ ಮರೆವು ಶುರುವಾಗಿತ್ತು. ಮೊದಲು ಬಸ್ಸಿನ ನಿಲ್ದಾಣ, ಆಮೇಲೆ ಒಲೆಯ ಮೇಲಿನ ಪಾತ್ರೆ, ಆಮೇಲೆ ನನ್ನ ಹೆಸರು. ಡಬ್ಬಗಳ ಸಾಲು ತಪ್ಪಿತು. ಪೊರ್ಬುಗಳು ಆಫೀಸಿನಲ್ಲಿರುವಷ್ಟು ಹೊತ್ತು ಆಕೆಯ ಜೊತೆಗಿರಲು ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ಡಾಕ್ಟರು ಹೇಳಿದ್ದನ್ನು ಪೊರ್ಬುಗಳು ನನಗೆ ಒಂದೇ ವಾಕ್ಯದಲ್ಲಿ ಹೇಳಿದರು: "ಇದು ಹಿಂದೆ ಬರುವ ದಾರಿ ಅಲ್ಲವಂತೆ." ಹೀಗೆ ಒಂದೊಂದೇ ಅಳಿಸಿಹೋಗುತ್ತಿದ್ದಾಗಲೂ ಆ ಮರ ಮಾತ್ರ ಆಕೆಯಲ್ಲಿ ಉಳಿದಿತ್ತು. ಫ್ರಿಜ್ಜು ತೆರೆದಾಗಲೆಲ್ಲ ನಿಂತು ಫೋಟೋ ನೋಡಿ, "ಇದರ ಕೆಳಗೆ ಇನ್ನೊಮ್ಮೆ ನಿಲ್ಬೇಕು" ಎನ್ನುತ್ತಿದ್ದರು.

"ಊರಿಗೆ ಕರಕೊಂಡು ಹೋಗಿ" ಎಂದು ನಾನು ಸಲಹೆ ಕೊಟ್ಟೆ.

"ಊರಲ್ಲಿ ಎಲ್ಲರೂ ನೋಡ್ಲಿಕ್ಕೆ ಬರ್ತಾರೆ ಸುಬೇದಾರ್ರೆ. 'ನಾನ್ಯಾರು ಹೇಳು' ಅಂತ ಪರೀಕ್ಷೆ ಮಾಡ್ತಾರೆ. ಇವಳು ಫೇಲಾಗ್ತಾಳೆ. ಇಲ್ಲಿ ಯಾರಿಗೆ ಗುರುತುಂಟು ನಮ್ಮದು? ಆರಾಮ."

ಆ ಸಮಯಕ್ಕೇ ಅವರ ಕಂಪನಿಗೆ ಒಂದು ಹೋಟೆಲಿನ ಒಳಾಂಗಣ ತೋಟಕ್ಕೆಂದು ಹೊರದೇಶದಿಂದ ಮಾದರಿ ಗಿಡಗಳು ಬಂದವು. ಈ ದೇಶಕ್ಕೆ ಆಗಿಬರುವುದಿಲ್ಲವೆಂದು ತಿರಸ್ಕರಿಸಿದ ಗಿಡಗಳಲ್ಲಿ ಒಂದರ ಕೊರಳಲ್ಲಿ ಡಾಗ್‌ವುಡ್ ಎಂಬ ಚೀಟಿ ಇತ್ತು. ಪೊರ್ಬುಗಳು ಕೇಳಿ ಪಡೆದು, ಸೈಟಿನ ಪಿಕಪ್ಪಿನಲ್ಲಿ ಮನೆಗೆ ತಂದರು. ನನ್ನ ಎದೆಮಟ್ಟದ ಗಿಡ. ದುಂಡನೆಯ ಡ್ರಮ್ಮಿನಂಥ ಕುಂಡ. ಒಂದು ಎಲೆಯನ್ನು ಅಡ್ಡಕ್ಕೆ ಮೆಲ್ಲಗೆ ಹರಿದು ನನ್ನ ಮುಂದೆ ಹಿಡಿದರು. ಎರಡು ತುಂಡಾದರೂ ಕೆಳಗಿನ ಅರ್ಧ ಬೀಳಲಿಲ್ಲ. ಜೇಡರ ಬಲೆಯ ದಾರದಂಥ ಬಿಳಿಯ ಎಳೆಗಳಲ್ಲಿ ನೇತಾಡುತ್ತಿತ್ತು.

"ನೋಡಿದ್ರಾ? ಇದು ಅಸಲಿ ಮಾಲು. ಅಷ್ಟು ಸುಲಭಕ್ಕೆ ಬಿಟ್ಟುಕೊಡುದಿಲ್ಲ."

"ಇದು ಚಳಿದೇಶದ ಗಿಡ. ಇಲ್ಲಿ ಹೂ ಬಿಡುವುದಿಲ್ಲ."

"ಬಿಡ್ಬೇಕು. ಅವಳಿಗೆ ಗುರುತು ಇರುವಾಗಲೇ ಬಿಡ್ಬೇಕು. ಅಷ್ಟೇ ನನಗೆ ಬೇಕಾದ್ದು."

ಆಗ ಅವರ ಬೆರಳು ವೃತ್ತ ಬರೆಯಲಿಲ್ಲ.

ಸಮಯಪಾಲನೆ ಇಲ್ಲವೆಂದೆನಲ್ಲ, ಆ ಗಿಡದ ವಿಷಯದಲ್ಲಿ ಮಾತ್ರ ಅವರು ಸಿಪಾಯಿಯಾದರು. ಇಲ್ಲಿಯ ಮಣ್ಣು ಸುಣ್ಣದ ಮಣ್ಣು. ಅದನ್ನು ಪೂರ್ತಿ ತೆಗೆದು ತೆಂಗಿನ ನಾರಿನ ಪುಡಿ ತುಂಬಿದರು. ನಾವು ಕುಡಿದ, ಹಾಲಿಲ್ಲದ ಸುಲೈಮಾನಿ ಚಹಾದ ಚರಟವೆಲ್ಲ ಅದರ ಬುಡಕ್ಕೆ. ನಲ್ಲಿಯ ನೀರು ಹಾಕಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆಂದು ಎಸಿಯ ನೀರು ಹಿಡಿಯತೊಡಗಿದರು. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ. ಅಂಗಳದಲ್ಲಿ ಒಂದು ನೀಲಿ ಬಕೆಟ್ಟು, ಅದರಲ್ಲಿ ಹಗಲಿಡೀ ಟಪ್ ಟಪ್. ಬೆಳಿಗ್ಗೆ ಮಗ್ಗಿನಲ್ಲಿ ಅಳೆದು ಹಾಕುವುದು. ಧೂಳಿನ ಗಾಳಿ ಬೀಸಿದ ದಿನ ಒದ್ದೆ ಬಟ್ಟೆಯಿಂದ ಎಲೆ ಒರೆಸುವುದು. ಸಿಸ್ಟರ್ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಮಗುವಿನ ಕಿವಿ ಒರೆಸುವ ಹಾಗೆ ಎಲೆಯ ಹಿಂಬದಿ ಒರೆಸುತ್ತಿದ್ದರು.

ಮೊದಲ ಬೇಸಗೆಯಲ್ಲಿ ಬೇವಿನ ನೆರಳಿನಲ್ಲಿದ್ದರೂ ಎಲೆಗಳ ಅಂಚು ಸುಟ್ಟು ಕಂದಾಯಿತು. ಆದರೂ ಬದುಕಿತು. ಡಿಸೆಂಬರ್ ಬಂದಾಗ ಹೊಸ ತೊಂದರೆ. ಈ ಜಾತಿಗೆ ತಿಂಗಳುಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ಹೂವಿಲ್ಲ. ನಮ್ಮ ಇಲ್ಲಿಯ ಚಳಿಗೆ ಒಂದು ಸ್ವೆಟರ್ ಸಾಕು. ಪೊರ್ಬುಗಳು ಕುಂಡದ ಸುತ್ತ ಐಸ್ ಸುರಿಯತೊಡಗಿದರು. ದಿನವೂ ಸಂಜೆ ಮೂಲೆಯ ಬಖಾಲಾ ಅಂಗಡಿಯಿಂದ ಐಸಿನ ಚೀಲ ಹೊತ್ತು ತರುವುದನ್ನು ನೋಡಿ ಅಂಗಡಿಯ ಮಲಯಾಳಿ, "ಚೇಟ್ಟಾ, ಡೈಲಿ ಪಾರ್ಟಿಯಾ? ನಮ್ಮನ್ನು ಮಾತ್ರ ಕರೆಯೋದಿಲ್ಲ" ಎಂದು ಕೆಣಕಿದನಂತೆ. ಆ ವಸಂತದಲ್ಲಿ ಹೂವು ಬರಲಿಲ್ಲ.

ಮುಂದಿನ ವರ್ಷ ಸಾಮಾನು ಕೋಣೆ ಖಾಲಿ ಮಾಡಿ, ಹಳೆಯ ಎಸಿ ಕೂರಿಸಿ, ಗಿಡವನ್ನು ಒಳಗೆ ಸಾಗಿಸಿದರು. ಕಿಟಕಿಯಿಂದ ಬೆಳಕು, ಎಸಿಯಿಂದ ತಂಪು. ಚಳಿಗಾಲದಲ್ಲಿ ಎಸಿಯನ್ನು ಪೂರ್ತಿ ಇಳಿಸಿಟ್ಟರು. ಬಾಡಿಗೆಯಲ್ಲೇ ಕರೆಂಟು ಸೇರಿರುವುದರಿಂದ ಮಾಲೀಕರ ಕಡೆಯ ಮನುಷ್ಯ ಬಂದು ಗದ್ದಲ ಮಾಡಿದ.

"ಜನವರಿಯಲ್ಲಿ ಎಸಿ? ಮಜ್ನೂನ್?" ಹುಚ್ಚೇ ಎಂದು ಅರ್ಥ.

"ಒಳಗೆ ಪೇಷೆಂಟ್ ಉಂಟು" ಎಂದು ಪೊರ್ಬುಗಳು ಹಿಂದಿಯಲ್ಲಿ ಹೇಳಿದರು. ಅವನು ಸಿಸ್ಟರನ್ನು ನೋಡಿ ತಲೆ ತಗ್ಗಿಸಿ ಹೋದ. ಪೊರ್ಬುಗಳು ಹೇಳಿದ್ದು ಗಿಡದ ವಿಷಯವೋ ಹೆಂಡತಿಯ ವಿಷಯವೋ, ನಾನು ಕೇಳಲಿಲ್ಲ.

ಆ ವಸಂತದಲ್ಲೂ ಹೂವಿಲ್ಲ. ಆದರೆ ಎಲೆ ಚೆನ್ನಾಗಿ ಬಂತು. ಬೇಸಗೆಯಲ್ಲೂ ಎಸಿ ಕೋಣೆಯಲ್ಲೇ ಇಟ್ಟರು. ಪ್ರತಿ ಬೆಳಿಗ್ಗೆ ಅವರು ಗಿಡಕ್ಕೆ ನೀರು ಹಾಕಿ ಖಾಲಿ ಮಗ್ಗು ಹಿಡಿದು ಒಳಗೆ ಹೋಗುವಾಗ ಸಿಸ್ಟರ್ ಕೇಳುತ್ತಿದ್ದರು:

"ಬಂತಾ?"

"ಇನ್ನೂ ಇಲ್ಲ."

ಗೋಡೆಯ ಈಚೆ ನನಗೆ ಇದು ರೇಡಿಯೋ ವಾರ್ತೆಯಷ್ಟು ನಿಯಮಿತವಾಗಿ ಕೇಳಿಸುತ್ತಿತ್ತು.

ಸೆಪ್ಟೆಂಬರ್ ಮೊದಲ ವಾರ ಅವರು ನನ್ನ ಬಾಗಿಲು ಬಡಿದರು. ಚಪ್ಪಲಿಯಿಲ್ಲದೆ ಬಂದಿದ್ದರು. ಸಾಮಾನು ಕೋಣೆಗೆ ಎಳೆದುಕೊಂಡು ಹೋಗಿ ಮೇಲಿನ ಕೊಂಬೆಯ ತುದಿ ತೋರಿಸಿದರು. ಕೊತ್ತಂಬರಿ ಕಾಳಿನಷ್ಟು ದೊಡ್ಡದು, ಸಣ್ಣ ಈರುಳ್ಳಿಯ ಆಕಾರ, ಬೂದು ಬಣ್ಣ. ಮೊಗ್ಗು. ಈಗ ಕಾಣಿಸಿಕೊಂಡು, ಚಳಿಯಿಡೀ ಮುಚ್ಚಿಕೊಂಡಿದ್ದು, ಮಾರ್ಚಿನಲ್ಲಿ ಅರಳುವಂಥದ್ದು. ಸಿಸ್ಟರ್ ಅದನ್ನು ಕನ್ನಡಕ ಹಾಕಿಕೊಂಡು ನೋಡಿ, "ಹೌದು, ಇದೇ. ನನಗೆ ಗೊತ್ತುಂಟು" ಎಂದರು. ಆ ಕಾಲಕ್ಕೆ ಆಕೆ ಗಂಡನನ್ನೇ ಒಮ್ಮೊಮ್ಮೆ ತನ್ನ ತಮ್ಮನೆಂದುಕೊಳ್ಳುತ್ತಿದ್ದರು. ಮೊಗ್ಗನ್ನು ಮಾತ್ರ ಗುರುತು ಹಿಡಿದರು. ಪೊರ್ಬುಗಳು ಗೋಡೆಗೆ ಮುಖ ಮಾಡಿ ನಿಂತರು. ನಾನು ಹೊರಗೆ ಬಂದೆ.

ಅದಾದ ಮೇಲೆ ನಾನು ರಜೆಯಲ್ಲಿ ಊರಿಗೆ ಹೋದೆ. ಶಾಲೆಗೆ ಹೋಗುವ ಮಕ್ಕಳಿಲ್ಲದವರು ಸೆಪ್ಟೆಂಬರಿನಲ್ಲಿ ಹೋಗುವುದು ಇಲ್ಲಿಯ ವಾಡಿಕೆ. ನಾನಿಲ್ಲದಾಗ ಪೊರ್ಬುಗಳಿಗೆ ಉಡುಪಿಯಿಂದ ಫೋನು ಬಂತು. ಅವರ ಅಣ್ಣ ತೀರಿಕೊಂಡಿದ್ದರು. ಸಿಸ್ಟರನ್ನು ಒಬ್ಬರನ್ನೇ ಬಿಡುವ ಹಾಗಿಲ್ಲವೆಂದು ಜೊತೆಗೇ ಕರೆದುಕೊಂಡರು. ಮಧ್ಯಾಹ್ನ ಸುದ್ದಿ, ಸಂಜೆ ವಿಮಾನ. ಆ ಗಡಿಬಿಡಿಯಲ್ಲೂ ಅವರು ಗಿಡವನ್ನು ಮರೆಯಲಿಲ್ಲ. ಬಕೆಟ್ಟು ತುಂಬ ನೀರಿಟ್ಟು, ಹಳೆಯ ಲುಂಗಿ ಹರಿದು ಬತ್ತಿ ಮಾಡಿ, ಅದರ ಒಂದು ತುದಿ ನೀರಿನಲ್ಲಿ, ಇನ್ನೊಂದು ಕುಂಡದ ಮಣ್ಣಿನಲ್ಲಿ ಹೂತರು. ವಾರವಿಡೀ ಗಿಡ ತನಗೆ ಬೇಕಾದಷ್ಟು ಕುಡಿಯುತ್ತದೆ. ಎಸಿ ಓಡುತ್ತಿರಲಿ ಎಂದು ರಿಮೋಟನ್ನು ಮೊಳೆಗೆ ತೂಗುಹಾಕಿದರು. ಎಲ್ಲ ಸರಿಯಾಗಿತ್ತು.

ಗಲ್ಫಿನಲ್ಲಿ ಬಹಳ ಕಾಲ ಬದುಕಿದವರಿಗೆಲ್ಲ ಊರಿಗೆ ಹೊರಡುವಾಗಿನ ಒಂದು ಕ್ರಮ ಇದೆ. ಗ್ಯಾಸ್ ಮುಚ್ಚು, ನಲ್ಲಿ ಮುಚ್ಚು, ಮೈನ್ ಸ್ವಿಚ್ ಇಳಿಸು, ಬೀಗ ಹಾಕು, ಬೀಗವನ್ನು ಎರಡು ಸಲ ಜಗ್ಗಿ ನೋಡು. ಪೊರ್ಬುಗಳದರಲ್ಲಿ ಇನ್ನೊಂದು ಸೇರಿತ್ತು: ಬೀಗ ಹಾಕಿದ ಮೇಲೆ ಶಿಲುಬೆಯ ಗುರುತು. ಕ್ರಮವಿಲ್ಲದ ಮನುಷ್ಯನಿಗೆ ಇದ್ದ ಒಂದೇ ಕ್ರಮ ಅದು. ಅಷ್ಟು ವರ್ಷ ಪ್ರತಿ ರಜೆಗೂ ಮಾಡಿದ್ದನ್ನು ಕೈ ಅವತ್ತೂ ಮಾಡಿತು.

ನಾನು ಹಿಂತಿರುಗುವ ಮೊದಲೇ ಅವರು ಬಂದಿದ್ದರು. ಕೇಳಿದ್ದಕ್ಕೆ ಹೇಳಿದರು: "ಬಾಗಿಲು ತೆಗೆದಾಗ ಫ್ರಿಜ್ಜಿನ ವಾಸನೆ ಬಂತು ಸುಬೇದಾರ್ರೆ. ಮೈನ್ ಸ್ವಿಚ್ ಇಳಿಸಿ ಹೋಗಿದ್ದೆ ಅಂತ ಆಗಲೇ ಗೊತ್ತಾಯ್ತು. ಇವಳ ಬ್ಯಾಗು ಕೈಯಲ್ಲಿತ್ತು, ಕೆಳಗೆ ಇಡ್ಲಿಕ್ಕೂ ಆಗ್ಲಿಲ್ಲ."

ತಗಡಿನ ಸೂರು, ಮುಚ್ಚಿದ ಕಿಟಕಿ, ಇಲ್ಲಿಯ ಸೆಪ್ಟೆಂಬರ್. ಎಲೆಗಳು ಕೊಂಬೆಯಲ್ಲೇ ಹಪ್ಪಳದಂತಾಗಿದ್ದವು. ಬಕೆಟ್ಟಿನಲ್ಲಿ ನೀರು ಇನ್ನೂ ಇತ್ತು. ನಾನು ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಜೀವವಿದ್ದರೆ ಒಳಗೆ ಹಸಿರು ಕಾಣಬೇಕು. ಕಂದು. ಕೆಳಗೆ ಕೆರೆದೆ, ಅಲ್ಲೂ ಕಂದು. ಬುಡದಲ್ಲೂ ಕಂದು. ತುದಿಯ ಮೊಗ್ಗು ಮಾತ್ರ ಇದ್ದ ಹಾಗೇ ಇತ್ತು. ಒಣಗಿದ ಮೊಗ್ಗಿಗೂ ಮುಚ್ಚಿಕೊಂಡ ಮೊಗ್ಗಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ.

"ಖಲಾಸ್, ಪೊರ್ಬುಗಳೇ" ಎಂದೆ.

"ಗೊತ್ತುಂಟು."

ಸಿಸ್ಟರ್ ಹಿಂದೆ ಬಂದು ನಿಂತಿದ್ದರು. ನನ್ನ ಕೈ ಹಿಡಿದು ತಡೆದರು. "ಅಣ್ಣ, ಕೆರೀಬೇಡಿ. ಇದು ಚಳಿಗೆ ಎಲೆ ಉದುರಿಸಿ ಮಲಗುದು. ನಾನು ಅಲ್ಲಿ ನೋಡಿದ್ದೇನೆ, ಥೇಟು ಹೀಗೇ ಇರ್ತದೆ. ನಿದ್ದೆಯಲ್ಲಿರುವ ಪೇಷೆಂಟನ್ನು ಸುಮ್ಮನೆ ಎಬ್ಬಿಸಬಾರದು." ವಾರ್ಡಿನಲ್ಲಿ ಹೊಸ ನರ್ಸುಗಳನ್ನು ಗದರಿಸುವ ಸ್ವರ. ಎಷ್ಟೋ ತಿಂಗಳಿಂದ ಆ ಸ್ವರ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಪೊರ್ಬುಗಳು ಆ ಕಡ್ಡಿಗೆ ಮಗ್ಗಿನಲ್ಲಿ ಅಳೆದು ನೀರು ಹಾಕಿದರು. ಒಳಗಿನಿಂದ "ಬಂತಾ?" ಎಂದು ಕೇಳಿಸಿತು. "ಇನ್ನೂ ಇಲ್ಲ" ಎಂದರು.

ನನಗೆ ಇದು ಸರಿ ಕಾಣಲಿಲ್ಲ. ಒಂದು ವಾರ ಸುಮ್ಮನಿದ್ದು ಆಮೇಲೆ ನೇರವಾಗಿ ಹೇಳಿದೆ: "ಸತ್ತದ್ದನ್ನು ಸತ್ತಿದೆ ಅನ್ನಬೇಕು. ರೋಗಿಗೂ ಸುಳ್ಳು ಹೇಳಬಾರದು."

"ಸರಿ, ನೀವೇ ಹೇಳಿ" ಎಂದು ಬಾಗಿಲು ತೋರಿಸಿದರು. ವ್ಯಂಗ್ಯವಿರಲಿಲ್ಲ. ಬೇರೆ ಯಾರಾದರೂ ಹೇಳಿಬಿಟ್ಟರೆ ಸಾಕು ಎಂಬಂತೆ ಇತ್ತು ಮುಖ.

ನಾನು ಒಳಗೆ ಹೋದೆ. ಸಿಸ್ಟರ್ ಫ್ರಿಜ್ಜಿನ ಫೋಟೋವನ್ನು ತೆಗೆದು ಮೇಜಿನ ಮೇಲಿಟ್ಟು ಬಟ್ಟೆಯಿಂದ ಒರೆಸುತ್ತಿದ್ದರು. "ಕೂತ್ಕೊಳ್ಳಿ. ನೀವು ಯಾವ ವಾರ್ಡಿನವರು?" ಎಂದು ಕೇಳಿದರು. ಆಮೇಲೆ, "ಮಾರ್ಚಿಗೆ ರಜೆ ಹಾಕ್ಬೇಡಿ ಆಯ್ತಾ? ಹೂ ಬರುವಾಗ ಎಲ್ಲರೂ ಇರ್ಬೇಕು" ಎಂದರು. ಇಲ್ಲ, ಹಾಕುವುದಿಲ್ಲ ಎಂದು ಹೇಳಿ ಹೊರಗೆ ಬಂದೆ. ಪೊರ್ಬುಗಳು ಚಹಾ ತಂದುಕೊಟ್ಟರು. ಚರಟವನ್ನು ಕುಂಡಕ್ಕೆ ಹಾಕಿದರು.

ಆ ಮಾರ್ಚ್ ಬಂದು ಹೋಯಿತು. ಮುಂದಿನದೂ ಹೋಯಿತು. ಗಿಡ ಮತ್ತೆ ಅಂಗಳಕ್ಕೆ ಬಂತು, ಅದಕ್ಕೆ ಇನ್ನು ನೆರಳೂ ಬೇಕಿರಲಿಲ್ಲ, ತಂಪೂ ಬೇಕಿರಲಿಲ್ಲ. ಸಿಸ್ಟರ್‌ಗೆ ಸ್ಟೂಲಿನ ಮೇಲೆ ಕೂರಲೂ ಆಗದಂತಾಯಿತು. ಫ್ರಿಜ್ಜಿನ ಫೋಟೋದ ಮುಂದೆ ನಿಲ್ಲುವುದನ್ನು ಬಿಟ್ಟರು. ಆಮೇಲೆ "ಬಂತಾ?" ಎಂದು ಕೇಳುವುದನ್ನೂ ಬಿಟ್ಟರು. ಇನ್ನು ನೀರು ಹಾಕುವುದು ನಿಲ್ಲುತ್ತದೆಂದು ನಾನು ಎಣಿಸಿದ್ದೆ. ನಿಲ್ಲಲಿಲ್ಲ. ಪೊರ್ಬುಗಳು ಮಗ್ಗು ಹಿಡಿದು ಒಳಗೆ ಹೋಗಿ, ಯಾರೂ ಕೇಳದಿದ್ದರೂ, "ಇನ್ನೂ ಇಲ್ಲ" ಎಂದು ವರದಿ ಒಪ್ಪಿಸುತ್ತಿದ್ದರು. ಆಫೀಸಿನ ಬಸ್ಸಿಗೆ ಮಾತ್ರ ಎಂದಿನಂತೆ ತಡ.

ಈ ಜುಲೈಯಲ್ಲಿ, ಆ ಬಸ್ಸಿಗೆ ಓಡುವಾಗಲೇ ಗೇಟಿನ ಹೊರಗೆ ಬಿದ್ದರು. ಅರ್ಧ ಮುಖದಲ್ಲಿ ಸೋಪು ಹಾಗೇ ಇತ್ತು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಜೀವಮಾನವಿಡೀ ತಡ ಮಾಡಿದವರು ಇದೊಂದಕ್ಕೆ ಅವಸರ ಮಾಡಿದರು ಎಂದು ಅವರೇ ತಮಾಷೆ ಮಾಡುತ್ತಿದ್ದರೇನೋ. ನನಗೆ ಅದು ಬರುವುದಿಲ್ಲ.

ಉಡುಪಿಯಿಂದ ಸಿಸ್ಟರ್ ಅವರ ತಂಗಿ ಬಂದರು. ಕಾಗದಪತ್ರಗಳನ್ನು ನಾನೂ ಅವರ ಆಫೀಸಿನವರೂ ಓಡಾಡಿ ಮುಗಿಸಿದೆವು. ಅಕ್ಕನಿಗೆ ಸುದ್ದಿ ಹೇಳಿದಾಗ ಆಕೆ ಅತ್ತರು. ಸ್ವಲ್ಪ ಹೊತ್ತಿನ ಮೇಲೆ, ಯಾಕೆ ಅಳುತ್ತಿದ್ದೇನೆ ಎಂದು ತಂಗಿಯನ್ನು ಕೇಳಿದರು. ತಂಗಿ ಮತ್ತೆ ಹೇಳಲಿಲ್ಲ.

ಹೊರಡುವ ದಿನ ಪೊರ್ಬುಗಳಿದ್ದ ಪೆಟ್ಟಿಗೆ ಮೊದಲೇ ವಿಮಾನ ನಿಲ್ದಾಣದ ಕಾರ್ಗೋ ಸೇರಿತ್ತು. ಅಕ್ಕತಂಗಿಯರನ್ನು ಕಾರಿನಲ್ಲಿ ಕೂರಿಸಿ, ಮನೆ ಮುಚ್ಚಲು ನಾನು ಒಳಗೆ ಹೋದೆ. ಗ್ಯಾಸ್ ನೋಡಿದೆ, ನಲ್ಲಿಗಳನ್ನು ನೋಡಿದೆ, ಮೈನ್ ಸ್ವಿಚ್ ಇಳಿಸಿದೆ. ಹೊರಗೆ ಎಸಿಯ ಪೈಪಿನಿಂದ ಇನ್ನೂ ಕೆಲವು ಹನಿ ಬಿದ್ದು ನಿಂತಿತು. ನೀಲಿ ಬಕೆಟ್ಟಿನಲ್ಲಿ ಅರ್ಧ ನೀರಿತ್ತು. ಕುಂಡದಲ್ಲಿ ಕಡ್ಡಿ, ತುದಿಯಲ್ಲಿ ಆ ಮೊಗ್ಗು. ಕಡ್ಡಿಯನ್ನು ಹಿಡಿದು ಎಳೆದೆ. ಏನೂ ತಡೆಯಲಿಲ್ಲ, ಬಂತು. ಬೇರು ಎಂಬುದೇ ಉಳಿದಿರಲಿಲ್ಲ. ಗೋಡೆಗೆ ಒರಗಿಸಿಟ್ಟೆ. ನೀರನ್ನು ಗೇಟಿನ ಬೇವಿಗೆ ಸುರಿದೆ.

ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀ ಜೇಬಿಗೆ ಹಾಕಿ ಕಾರಿನ ಹತ್ತಿರ ಹೋದೆ. ಬಕೆಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಸಿಸ್ಟರ್ ಕಿಟಕಿಯ ಬದಿಗೆ ಕೂತಿದ್ದರು. ಖಾಲಿ ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಕೇಳಲಿಲ್ಲ.

"ಇನ್ನೂ ಇಲ್ಲ" ಎಂದೆ.